ಏಜೆಂಟ್ ಆಧಾರಿತ ಸಿಮ್ಯುಲೇಷನ್ ಕಲಿಯುವುದು ಹೇಗೆ? ಸಮಾಜ ವಿಜ್ಞಾನದ ಸಂಶೋಧಕರಿಗೆ ಸಮಗ್ರ ಮಾರ್ಗದರ್ಶಿ

ಒಂದು ಮೈದಾನದಲ್ಲಿ ನೂರು ಜನ ಸೇರಿದ್ದಾರೆ ಎಂದುಕೊಳ್ಳಿ. ಗಲಾಟೆಗೆ ಇಳಿಯಲು ಒಬ್ಬೊಬ್ಬರಿಗೂ ಒಂದೊಂದು ಮಿತಿ ಇದೆ. ಒಬ್ಬನ ಮಿತಿ ಸೊನ್ನೆ. ಯಾರೂ ಶುರು ಮಾಡದಿದ್ದರೂ ಅವನು ಕಲ್ಲು ಎತ್ತುತ್ತಾನೆ. ಇನ್ನೊಬ್ಬನ ಮಿತಿ ಒಂದು. ಒಬ್ಬರು ಇಳಿದದ್ದು ಕಂಡರೆ ಅವನೂ ಇಳಿಯುತ್ತಾನೆ. ಮುಂದಿನವನದು ಎರಡು, ಆಮೇಲಿನವನದು ಮೂರು, ಹೀಗೆ 99ರವರೆಗೆ. ಮೊದಲನೆಯವನನ್ನು ನೋಡಿ ಎರಡನೆಯವನು, ಇಬ್ಬರನ್ನು ನೋಡಿ ಮೂರನೆಯವನು, ಕೊನೆಗೆ ನೂರಕ್ಕೆ ನೂರು ಜನವೂ ಗಲಾಟೆಯಲ್ಲಿ ಇರುತ್ತಾರೆ. ಈಗ ಒಂದೇ ಒಂದು ಬದಲಾವಣೆ ಮಾಡಿ. ಮಿತಿ ಒಂದು ಇದ್ದವನಿಗೆ ಎರಡು ಕೊಡಿ. ಮೊದಲನೆಯವನು ಕಲ್ಲು ಎತ್ತುತ್ತಾನೆ, ಅಷ್ಟೇ. ಬೇರೆ ಯಾರೂ ಅಲುಗಾಡುವುದಿಲ್ಲ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಕೊಟ್ಟ ಉದಾಹರಣೆ ಇದು. ಎರಡೂ ಗುಂಪಿನ ಸರಾಸರಿ ಮಿತಿ ಲೆಕ್ಕ ಹಾಕಿ ನೋಡಿ. ಒಂದರಲ್ಲಿ 49.5, ಇನ್ನೊಂದರಲ್ಲಿ 49.51. ಸರ್ವೆ ಮಾಡಿದರೆ ಎರಡೂ ಒಂದೇ ಥರದ ಗುಂಪು ಎಂದೇ ಬರುತ್ತದೆ. ಆದರೆ ಒಂದು ಕಡೆ ದೊಂಬಿ ಆಯಿತು, ಇನ್ನೊಂದು ಕಡೆ ಒಬ್ಬ ಕಿಡಿಗೇಡಿ ಕಲ್ಲು ಎತ್ತಿದ ಅಂತಷ್ಟೇ ಸುದ್ದಿ. ವ್ಯತ್ಯಾಸ ಹುಟ್ಟಿದ್ದು ಯಾರ ಮನಸ್ಸಿನಲ್ಲೂ ಅಲ್ಲ, ಒಬ್ಬರು ಇನ್ನೊಬ್ಬರನ್ನು ನೋಡಿ ನಡೆದುಕೊಂಡ ರೀತಿಯಲ್ಲಿ. ಇಂಥ ಪ್ರಶ್ನೆಗಳಿಗಾಗಿಯೇ ಏಜೆಂಟ್ ಆಧಾರಿತ ಸಿಮ್ಯುಲೇಷನ್ ಇರುವುದು.

ಇದರಲ್ಲಿ ನಾವು ಮಾಡುವ ಕೆಲಸ ಸರಳ. ಕಂಪ್ಯೂಟರಿನೊಳಗೆ ಒಂದಷ್ಟು ಏಜೆಂಟ್‌ಗಳನ್ನು ಇಡುತ್ತೇವೆ. ಏಜೆಂಟ್ ಅಂದರೆ ಒಬ್ಬ ವ್ಯಕ್ತಿ ಇರಬಹುದು, ಒಂದು ಮನೆತನ, ಒಂದು ಕಂಪನಿ, ಒಂದು ದೇಶವೂ ಇರಬಹುದು. ಪ್ರತಿಯೊಂದಕ್ಕೂ ತನ್ನದೇ ಗುಣಗಳು, ತನ್ನದೇ ನಿಯಮಗಳು. ಅವು ಪರಸ್ಪರ ನೋಡಲು, ಮಾತಾಡಲು, ಓಡಾಡಲು ಒಂದು ಜಾಗ ಅಥವಾ ಜಾಲ. ಆಮೇಲೆ ಕಾಲವನ್ನು ಒಂದೊಂದೇ ಹೆಜ್ಜೆ ಮುಂದೆ ತಳ್ಳಿ, ಇಡೀ ಗುಂಪಿನ ಮಟ್ಟದಲ್ಲಿ ಏನು ಮೂಡುತ್ತದೆ ಎಂದು ನೋಡುತ್ತೇವೆ. ಹೀಗೆ ಕಟ್ಟಿದ ಪುಟ್ಟ ಜಗತ್ತನ್ನೇ ಮಾಡೆಲ್ ಅನ್ನುವುದು.

ಎಲ್ಲ ಪ್ರಶ್ನೆಗೂ ಇದು ಬೇಡ. ಓದಿಗೂ ಆದಾಯಕ್ಕೂ ಎಷ್ಟು ಸಂಬಂಧ ಅನ್ನುವುದು ನಿಮ್ಮ ಪ್ರಶ್ನೆಯಾದರೆ ರಿಗ್ರೆಷನ್ ಸಾಕು, ಸುಮ್ನೆ ಇದಕ್ಕೆ ಕೈ ಹಾಕಬೇಡಿ. ಒಬ್ಬರ ನಡವಳಿಕೆ ಇನ್ನೊಬ್ಬರನ್ನು ಬದಲಿಸುತ್ತದೆ, ಆ ಬದಲಾವಣೆ ಮತ್ತೆ ಮೊದಲಿನವರಿಗೇ ತಿರುಗಿ ಬರುತ್ತದೆ ಅನ್ನಿಸಿದರೆ ಮಾತ್ರ ಮುಂದೆ ಓದಿ.

ಮೊದಲ ಹೆಜ್ಜೆ: ಕಂಪ್ಯೂಟರ್ ಮುಟ್ಟಬೇಡಿ

ಥಾಮಸ್ ಶೆಲ್ಲಿಂಗ್ ಎಂಬ ಅರ್ಥಶಾಸ್ತ್ರಜ್ಞ ಈ ಕ್ಷೇತ್ರದ ಅತಿ ಪ್ರಸಿದ್ಧ ಮಾಡೆಲ್ಲನ್ನು ನಾಣ್ಯಗಳನ್ನು ಹಾಸಿನ ಮೇಲೆ ಸರಿಸುತ್ತಾ ಕಟ್ಟಿದರು. ಅದನ್ನು ವಿವರಿಸುವ ಅವರ ದೊಡ್ಡ ಲೇಖನ ಬಂದದ್ದು 1971ರಲ್ಲಿ. 2005ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನವೂ ಸಿಕ್ಕಿತು. ಎರಡು ಗುಂಪಿನ ಜನ ಒಂದೇ ಊರಿನಲ್ಲಿ ಬೆರೆತು ಬದುಕಲು ಒಪ್ಪಿದರೂ, ಕೇರಿಗಳು ಹೇಗೆ ಬೇರೆ ಬೇರೆಯಾಗಿಬಿಡುತ್ತವೆ ಅನ್ನುವುದು ಅವರ ಪ್ರಶ್ನೆ.

ಇದನ್ನು ನೀವೂ ಕೈಯಲ್ಲೇ ಆಡಿ ನೋಡಿ. ಒಂದು ಚದುರಂಗದ ಹಾಸು ತೆಗೆದುಕೊಳ್ಳಿ. ಎರಡು ಬಗೆಯ ನಾಣ್ಯ, ತಲಾ 22. ಒಟ್ಟು 64 ಮನೆಗಳಲ್ಲಿ 44 ತುಂಬುತ್ತವೆ, 20 ಖಾಲಿ ಉಳಿಯುತ್ತವೆ. ನಾಣ್ಯಗಳನ್ನು ಮನಬಂದಂತೆ ಹರಡಿ. ನಿಯಮ ಇಷ್ಟೇ: ಸುತ್ತಲಿನ ಎಂಟು ಮನೆಗಳಲ್ಲಿ ಇರುವ ನೆರೆಯವರ ಪೈಕಿ ಕನಿಷ್ಠ ಮೂರನೇ ಒಂದು ಭಾಗ ತನ್ನ ಬಗೆಯವರಿದ್ದರೆ ನಾಣ್ಯಕ್ಕೆ ನೆಮ್ಮದಿ. ಇಲ್ಲದಿದ್ದರೆ ಅದು ಖಾಲಿ ಮನೆಗೆ ಹೋಗುತ್ತದೆ.

ಆಡಲು ಕೂತ ಸ್ವಲ್ಪ ಹೊತ್ತಿಗೇ ಪ್ರಶ್ನೆಗಳು ಏಳುತ್ತವೆ. ಯಾವ ಖಾಲಿ ಮನೆಗೆ ಹೋಗಬೇಕು? ಹತ್ತಿರದ್ದಕ್ಕೋ, ಕಣ್ಣು ಮುಚ್ಚಿ ಆರಿಸಿದ್ದಕ್ಕೋ, ನೆಮ್ಮದಿ ಸಿಗುವ ಮನೆಗೆ ಮಾತ್ರವೋ? ಯಾರು ಮೊದಲು ಹೊರಡಬೇಕು? ನೆರೆಯವರೇ ಇಲ್ಲದ ನಾಣ್ಯ ನೆಮ್ಮದಿಯಾಗಿದೆ ಅನ್ನಬೇಕೋ ಬೇಡವೋ? ಮೂಲೆಯ ಮನೆಗೆ ಮೂರೇ ನೆರೆ, ಅಂಚಿನದಕ್ಕೆ ಐದು. ಅವರಿಗೂ ಅದೇ ನಿಯಮವಾ? ಕೋಡ್ ಬರೆಯುವಾಗ ಕಂಪ್ಯೂಟರ್ ಕೇಳುವುದೂ ಇವೇ ಪ್ರಶ್ನೆಗಳನ್ನು. ಅಲ್ಲಿ ನೀವು ಉತ್ತರಿಸದೆ ಬಿಟ್ಟರೆ ಸಾಫ್ಟ್‌ವೇರ್ ತನಗೆ ತೋಚಿದ ಉತ್ತರ ಇಟ್ಟುಕೊಳ್ಳುತ್ತದೆ, ಅದು ನಿಮ್ಮ ಗಮನಕ್ಕೂ ಬರುವುದಿಲ್ಲ. ಹಾಗಾಗಿ ನೀವು ಕೊಟ್ಟ ಒಂದೊಂದು ಉತ್ತರವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ಪ್ರಬಂಧ ಬರೆಯುವಾಗ ಅರ್ಧ ಕೆಲಸ ಅದರಿಂದಲೇ ಮುಗಿದಿರುತ್ತದೆ.

ಎರಡನೇ ಹೆಜ್ಜೆ: ಸಾಫ್ಟ್‌ವೇರ್

ಇಲ್ಲಿ ಜಾಸ್ತಿ ಯೋಚಿಸಬೇಡಿ. ನೆಟ್‌ಲೋಗೋದಿಂದ ಶುರು ಮಾಡಿ. ಯೂರಿ ವಿಲೆನ್ಸ್ಕಿ 1999ರಲ್ಲಿ ಹೊರತಂದ ಈ ಸಾಫ್ಟ್‌ವೇರ್ ಉಚಿತ, ಮುಕ್ತ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಅದರ ಕೆಲಸ ಇಂದಿಗೂ ನಡೆದಿದೆ. ಇನ್‌ಸ್ಟಾಲ್ ಮಾಡಲು ಆಗದಿದ್ದರೆ ಬ್ರೌಸರಿನಲ್ಲೇ ಓಡುವ ನೆಟ್‌ಲೋಗೋ ವೆಬ್ ಇದೆ. ಇದರ ಭಾಷೆಯ ಬೇರು ಇರುವುದು ಮಕ್ಕಳಿಗಾಗಿ 1960ರ ದಶಕದಲ್ಲಿ ರೂಪಿಸಿದ ಲೋಗೋ ಭಾಷೆಯಲ್ಲಿ. ಆದ್ದರಿಂದ ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಹೆದರಬೇಕಿಲ್ಲ.

ಪೈಥಾನ್ ಚೆನ್ನಾಗಿ ಬರುವವರಿಗೆ ಮೆಸಾ ಎಂಬ ಲೈಬ್ರರಿ ಇದೆ. ಜೂಲಿಯಾ ಭಾಷೆಯವರಿಗೆ ಏಜೆಂಟ್ಸ್ ಎಂಬುದಿದೆ. ನಕಾಶೆಯ ಡೇಟಾ ಜಾಸ್ತಿ ಇರುವವರು ಗಾಮಾ ನೋಡಬಹುದು. ರೀಪಾಸ್ಟ್, ಮೇಸನ್ ದೊಡ್ಡ ಮಾಡೆಲ್‌ಗಳಿಗೆ. ನನ್ನ ಅಭಿಪ್ರಾಯ ಕೇಳಿದರೆ, ಪೈಥಾನ್ ಬರುವವರೂ ಮೊದಲ ಮಾಡೆಲ್ಲನ್ನು ನೆಟ್‌ಲೋಗೋದಲ್ಲೇ ಮಾಡುವುದು ಒಳ್ಳೆಯದು. ಏಜೆಂಟ್‌ಗಳು ಓಡಾಡುವುದನ್ನು ಕಣ್ಣಾರೆ ನೋಡುತ್ತಾ ಸ್ಲೈಡರ್ ಎಳೆದಾಗ ಬರುವ ಒಳನೋಟ, ಅಂಕಿಗಳ ಪಟ್ಟಿ ನೋಡಿ ಬರುವುದಿಲ್ಲ.

ಮೂರನೇ ಹೆಜ್ಜೆ: ಸಿದ್ಧ ಮಾಡೆಲ್ಲನ್ನು ಕೆಣಕಿ ನೋಡಿ

ನೆಟ್‌ಲೋಗೋ ತೆರೆದು ಫೈಲ್ ಮೆನುವಿನಲ್ಲಿ ಮಾಡೆಲ್ಸ್ ಲೈಬ್ರರಿಗೆ ಹೋಗಿ. ಸೋಷಿಯಲ್ ಸೈನ್ಸ್ ಫೋಲ್ಡರಿನಲ್ಲಿ ಸೆಗ್ರಿಗೇಷನ್ ಇದೆ. ಶೆಲ್ಲಿಂಗ್ ಅವರ ಮಾಡೆಲ್ಲೇ ಅದು. ಮೂರು ಟ್ಯಾಬ್‌ಗಳು ಕಾಣುತ್ತವೆ. ಇಂಟರ್‌ಫೇಸ್‌ನಲ್ಲಿ ಮಾಡೆಲ್ ಓಡುತ್ತದೆ, ಇನ್ಫೋದಲ್ಲಿ ವಿವರಣೆ ಇರುತ್ತದೆ, ಕೋಡ್‌ನಲ್ಲಿ ಕೋಡ್. ಸೆಟಪ್ ಒತ್ತಿ, ಆಮೇಲೆ ಗೋ ಒತ್ತಿ.

ಪ್ರತಿ ಏಜೆಂಟಿಗೂ ತನ್ನ ಬಣ್ಣದ ನೆರೆಯವರು ಶೇ. 30ರಷ್ಟಿದ್ದರೆ ಸಾಕು ಅಂತ ಇಟ್ಟರೂ, ಮಾಡೆಲ್ ನಿಂತಾಗ ಸರಾಸರಿ ಶೇ. 70ರ ಆಸುಪಾಸು ನೆರೆಯವರು ಒಂದೇ ಬಣ್ಣದವರಾಗಿರುತ್ತಾರೆ. ಯಾರೂ ಬಯಸದ ವಿಂಗಡಣೆ ಎಲ್ಲರ ಸಣ್ಣ ಸಣ್ಣ ಆಯ್ಕೆಗಳಿಂದ ಬಂದಿರುತ್ತದೆ. ತುಂಬ ಜನ ಇಲ್ಲಿಗೇ ಬೆರಗಾಗಿ ನಿಲ್ಲಿಸಿಬಿಡುತ್ತಾರೆ. ನೀವು ನಿಲ್ಲಿಸಬೇಡಿ. ಸ್ಲೈಡರನ್ನು 90ಕ್ಕೆ ಎಳೆಯಿರಿ. ಗೋ ಒತ್ತುವ ಮೊದಲು, ಏನಾಗಬಹುದು ಎಂದು ಒಂದು ಸಾಲು ಬರೆಯಿರಿ. ಜನ ಇನ್ನೂ ಕಟ್ಟುನಿಟ್ಟಾದರೆ ವಿಂಗಡಣೆ ಇನ್ನೂ ಜಾಸ್ತಿ ಆಗಬೇಕು, ಅಲ್ವಾ? ಆಗುವುದಿಲ್ಲ. ಯಾರಿಗೂ ನೆಮ್ಮದಿ ಸಿಗದೆ ಎಲ್ಲರೂ ಅಲೆಯುತ್ತಲೇ ಇರುತ್ತಾರೆ, ಒಂದು ಕೇರಿಯೂ ಗಟ್ಟಿಯಾಗುವುದಿಲ್ಲ.

ಊಹೆ ಮೊದಲು, ಓಡಿಸುವುದು ಆಮೇಲೆ. ಈ ಅಭ್ಯಾಸವನ್ನು ಎಂದೂ ಬಿಡಬೇಡಿ. ಫಲಿತಾಂಶ ನೋಡಿದ ಮೇಲೆ ನಮಗೆಲ್ಲ ಅದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ಊಹೆ ಬರೆದಿಟ್ಟಿದ್ದರೆ, ನಿಮ್ಮ ತಿಳಿವಳಿಕೆ ಎಲ್ಲಿ ಸಡಿಲವಾಗಿದೆ ಎಂದು ಆ ಸಾಲೇ ತೋರಿಸುತ್ತದೆ.

ನಾಲ್ಕನೇ ಹೆಜ್ಜೆ: ಭಾಷೆ ಎಷ್ಟು ಬೇಕೋ ಅಷ್ಟು

ನೆಟ್‌ಲೋಗೋದಲ್ಲಿ ನಾಲ್ಕು ಪಾತ್ರಗಳು. ಓಡಾಡುವವು ಟರ್ಟಲ್‌ಗಳು. ನೆಲದ ಚೌಕಗಳು ಪ್ಯಾಚ್‌ಗಳು. ಇಬ್ಬರು ಟರ್ಟಲ್‌ಗಳನ್ನು ಜೋಡಿಸುವುದು ಲಿಂಕ್. ಮೇಲಿನಿಂದ ಎಲ್ಲವನ್ನೂ ನೋಡಿ ಆದೇಶ ಕೊಡುವುದು ಅಬ್ಸರ್ವರ್. ಆದೇಶ ಕೊಡುವ ಪದ ಆಸ್ಕ್. ಸೆಟಪ್ ಎಂಬ ಪ್ರೊಸೀಜರ್ ಜಗತ್ತನ್ನು ಸಿದ್ಧ ಮಾಡುತ್ತದೆ, ಗೋ ಒಂದು ಹೆಜ್ಜೆ ಓಡಿಸುತ್ತದೆ, ಟಿಕ್ ಗಡಿಯಾರವನ್ನು ಮುಂದೂಡುತ್ತದೆ. ಇಷ್ಟರ ಜೊತೆಗೆ ವೇರಿಯಬಲ್ ಇಡುವುದು, ಷರತ್ತು ಹಾಕುವುದು, ಗ್ರಾಫ್ ಬಿಡಿಸುವುದು ಗೊತ್ತಾದರೆ ಮೊದಲ ಮಾಡೆಲ್ಲಿಗೆ ಸಾಕು.

ಎರಡು ವಿಷಯ ಮಾತ್ರ ಈಗಲೇ ತಿಳಿದಿರಲಿ. ಆಸ್ಕ್ ಅಂದಾಗ ಏಜೆಂಟ್‌ಗಳು ಒಬ್ಬರಾದ ಮೇಲೆ ಒಬ್ಬರು ಕೆಲಸ ಮಾಡುತ್ತಾರೆ, ಆ ಸರದಿ ಪ್ರತಿ ಸಲವೂ ರ‍್ಯಾಂಡಮ್ ಆಗಿ ಬದಲಾಗುತ್ತದೆ. ಇನ್ನೊಂದು, ನೆಲದ ಬಲ ಅಂಚು ಎಡ ಅಂಚಿಗೆ, ಮೇಲಿನ ಅಂಚು ಕೆಳಗಿನ ಅಂಚಿಗೆ ಸಾಮಾನ್ಯವಾಗಿ ಅಂಟಿಕೊಂಡೇ ಇರುತ್ತದೆ. ಹಾಗಾಗಿ ಅಲ್ಲಿ ಮೂಲೆಯ ಮನೆ ಅನ್ನುವುದೇ ಇಲ್ಲ. ಚದುರಂಗದ ಹಾಸಿನ ಮೇಲೆ ನೀವು ಆಡಿದ ಆಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ.

ಐದನೇ ಹೆಜ್ಜೆ: ನಿಮ್ಮದೇ ಮಾಡೆಲ್ ಬರೆಯಿರಿ

ಮೊದಲ ಮಾಡೆಲ್ಲಿಗೆ ನಾನು ಸೂಚಿಸುವುದು ಅಭಿಪ್ರಾಯಗಳ ಮಾಡೆಲ್. ಗಿಯೋಮ್ ಡೆಫುವಾನ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ್ದು. ಒಂದು ಪುಟಕ್ಕಿಂತ ಕಡಿಮೆ ಕೋಡ್ ಬೇಕು, ಕಲಿಯಲು ಮಾತ್ರ ಬೇಕಾದಷ್ಟಿದೆ. ಪ್ರತಿಯೊಬ್ಬರಿಗೂ 0ಯಿಂದ 1ರೊಳಗೆ ಒಂದು ಅಭಿಪ್ರಾಯ. ತಮ್ಮದಕ್ಕಿಂತ ತೀರ ದೂರದ ಅಭಿಪ್ರಾಯವನ್ನು ಜನ ಕಿವಿಗೇ ಹಾಕಿಕೊಳ್ಳುವುದಿಲ್ಲ, ಹತ್ತಿರದ್ದಾದರೆ ಸ್ವಲ್ಪ ಬಾಗುತ್ತಾರೆ. ಒಂದು ಹೆಜ್ಜೆಯಲ್ಲಿ ನಡೆಯುವುದು ಇಷ್ಟು:

1. ಇಬ್ಬರನ್ನು ರ‍್ಯಾಂಡಮ್ ಆಗಿ ಆರಿಸು.
2. ಅವರ ಅಭಿಪ್ರಾಯಗಳ ಅಂತರ ಲೆಕ್ಕ ಹಾಕು.
3. ಅಂತರ ಸಹನೆಯ ಮಿತಿಗಿಂತ ಜಾಸ್ತಿ ಇದ್ದರೆ ಏನೂ ಮಾಡಬೇಡ.
4. ಕಡಿಮೆ ಇದ್ದರೆ, ಅಂತರದ ಒಂದು ಪಾಲಿನಷ್ಟು ಇಬ್ಬರನ್ನೂ ಪರಸ್ಪರ ಹತ್ತಿರ ಸರಿಸು.

ಇಡೀ ಕೋಡನ್ನು ಒಂದೇ ಉಸಿರಿಗೆ ಬರೆಯಬೇಡಿ. ಮೊದಲು ಏಜೆಂಟ್‌ಗಳನ್ನು ಸೃಷ್ಟಿಸಿ ಅಭಿಪ್ರಾಯ ಹಂಚಿ, ಓಡಿಸಿ ನೋಡಿ. ಆಮೇಲೆ ಹಿಸ್ಟೋಗ್ರಾಮ್ ಸೇರಿಸಿ, ಹಂಚಿಕೆ ನೀವು ಅಂದುಕೊಂಡಂತೆ ಸಮವಾಗಿದೆಯೇ ನೋಡಿ. ಅದಾದ ಮೇಲೆಯೇ ಮಾತುಕತೆಯ ನಿಯಮ.

ಈಗ ಪರೀಕ್ಷೆ. ಇಬ್ಬರೇ ಏಜೆಂಟ್‌ಗಳನ್ನು ಇಟ್ಟು ಕೈಯಲ್ಲೇ ಲೆಕ್ಕ ಮಾಡಿ. ಒಬ್ಬರದು 0.2, ಇನ್ನೊಬ್ಬರದು 0.6. ಮಿತಿ 0.5, ಸರಿಯುವ ಪಾಲು ಅರ್ಧ. ಅಂತರ 0.4, ಅದರ ಅರ್ಧ 0.2. ಇಬ್ಬರೂ 0.4ಕ್ಕೆ ಬಂದು ನಿಲ್ಲಬೇಕು. ನಿಮ್ಮ ಮಾಡೆಲ್ 0.4 ಮತ್ತು 0.5 ಅಂತ ತೋರಿಸಿತಾ? ಹಾಗಾದರೆ ಮೊದಲನೆಯವರನ್ನು 0.4ಕ್ಕೆ ಸರಿಸಿಬಿಟ್ಟು, ಆ ಹೊಸ ಬೆಲೆಯಿಂದಲೇ ಎರಡನೆಯವರ ಲೆಕ್ಕ ಮಾಡಿದ್ದೀರಿ. ಹಳೆಯ ಬೆಲೆಗಳನ್ನು ಮೊದಲು ಎತ್ತಿಟ್ಟುಕೊಂಡು ಆಮೇಲೆ ಇಬ್ಬರನ್ನೂ ಬದಲಿಸಬೇಕು. ಹೊಸಬರ ಕೋಡಿನಲ್ಲಿ ಇದು ಬಹಳ ಸಾಮಾನ್ಯ. ಬಿಡಿಸಿದ ಗ್ರಾಫ್ ಚೆನ್ನಾಗಿಯೇ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನೂ ಒಂದು ಕಾವಲು ಇಡಬಹುದು. ಇಬ್ಬರೂ ಸಮನಾಗಿ ಸರಿಯುವುದರಿಂದ ಇಡೀ ಗುಂಪಿನ ಸರಾಸರಿ ಅಭಿಪ್ರಾಯ ಎಂದೂ ಬದಲಾಗಬಾರದು. ಸರಾಸರಿಯನ್ನು ತೋರಿಸುವ ಒಂದು ಮಾನಿಟರ್ ಪರದೆಯ ಮೇಲೆ ಇಡಿ. ಅದು ಕದಲಿದರೆ ಕೋಡಿನಲ್ಲಿ ತಪ್ಪಿದೆ ಅಂತಲೇ ಅರ್ಥ. ಯಾವ ಮಾಡೆಲ್ ಬರೆದರೂ ಹೀಗೆ ಬದಲಾಗಬಾರದ ಒಂದು ಸಂಖ್ಯೆಯನ್ನು ಹುಡುಕಿ. ಒಟ್ಟು ಜನಸಂಖ್ಯೆ, ಒಟ್ಟು ಹಣ, ಒಟ್ಟು ಭೂಮಿ, ಯಾವುದಾದರೂ ಸರಿ.

ಎಲ್ಲ ಸರಿಯಿದ್ದರೆ ಸಹನೆಯ ಮಿತಿಯನ್ನು ಬದಲಿಸುತ್ತಾ ಹೋಗಿ. ಮಿತಿ 0.5 ಇದ್ದಾಗ ಗುಂಪು ಒಮ್ಮತಕ್ಕೆ ಬರುತ್ತದೆ. 0.2ರ ಹತ್ತಿರ ಎರಡು ದೊಡ್ಡ ಬಣಗಳು. 0.1ಕ್ಕೆ ಇಳಿಸಿದರೆ ಇನ್ನಷ್ಟು ಬಣಗಳು. 1ನ್ನು ಮಿತಿಯ ಎರಡರಷ್ಟರಿಂದ ಭಾಗಿಸಿದರೆ ದೊಡ್ಡ ಬಣಗಳ ಸಂಖ್ಯೆ ಸುಮಾರಾಗಿ ಸಿಗುತ್ತದೆ. ನಿಮ್ಮ ಮಾಡೆಲ್ ಈ ಲೆಕ್ಕದ ಹತ್ತಿರ ಬಂದರೆ ಒಂದು ಪ್ರಕಟಿತ ಫಲಿತಾಂಶವನ್ನು ನೀವೇ ಮತ್ತೆ ಪಡೆದಿದ್ದೀರಿ ಎಂದಾಯಿತು. ಆಮೇಲೆ ನಿಮ್ಮ ಪ್ರಶ್ನೆಯನ್ನು ಸೇರಿಸಿ, ಒಂದು ಸಲಕ್ಕೆ ಒಂದೇ. ಯಾರ ಮಾತಿಗೂ ಬಗ್ಗದ ನಾಲ್ಕು ಜನರಿದ್ದರೆ? ಎಲ್ಲರೂ ಎಲ್ಲರನ್ನೂ ಭೇಟಿಯಾಗದೆ, ಗೆಳೆಯರ ಜಾಲದಲ್ಲಿ ಮಾತ್ರ ಮಾತಾಡಿದರೆ?

ನಿಯಮಗಳು ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಸಂದರ್ಶನ ಮಾಡಿ, ಜನರ ಜೊತೆ ಇದ್ದು ಸಂಶೋಧನೆ ಮಾಡಿದವರಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ಮನೆ ಬದಲಿಸಲು ಜನ ಯಾವಾಗ ತೀರ್ಮಾನಿಸುತ್ತಾರೆ, ಯಾರನ್ನು ಕೇಳುತ್ತಾರೆ, ಎಷ್ಟು ದಿನ ಸಹಿಸಿಕೊಳ್ಳುತ್ತಾರೆ ಅನ್ನುವುದು ಅವರ ನೋಟ್ಸ್‌ನಲ್ಲಿ ಆಗಲೇ ಇರುತ್ತದೆ. ಗಣಿತ ಬರುವುದಿಲ್ಲ ಎಂದು ಇಂಥವರು ಈ ವಿಧಾನದಿಂದ ದೂರ ಉಳಿಯುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಆರನೇ ಹೆಜ್ಜೆ: ಒಂದು ರನ್ ನಂಬಬೇಡಿ

ಮಾಡೆಲ್ಲಿನಲ್ಲಿ ರ‍್ಯಾಂಡಮ್ ಅಂಶ ಇರುವುದರಿಂದ ಪ್ರತಿ ರನ್, ಅಂದರೆ ಮಾಡೆಲ್ಲನ್ನು ಓಡಿಸಿದ ಒಂದೊಂದು ಸಲವೂ, ಬೇರೆ ಬೇರೆ. ಟೂಲ್ಸ್ ಮೆನುವಿನಲ್ಲಿರುವ ಬಿಹೇವಿಯರ್‌ಸ್ಪೇಸ್ ನಿಮ್ಮ ಪರವಾಗಿ ನೂರಾರು ರನ್ ಮಾಡಿ ಫಲಿತಾಂಶವನ್ನು ಫೈಲಿಗೆ ಬರೆಯುತ್ತದೆ. ಸಹನೆಯ ಮಿತಿಗೆ 10 ಬೆಲೆ, ಸರಿಯುವ ಪಾಲಿಗೆ 5 ಬೆಲೆ, ಪ್ರತಿ ಜೋಡಿಗೆ 30 ರನ್ ಅಂದರೆ 1500 ರನ್ ಆಯಿತು. ಸಣ್ಣ ಮಾಡೆಲ್ಲಿಗೆ ಇದು ಹೊರೆಯಲ್ಲ. 30 ಸಾಕಾ ಅಂದರೆ, ರನ್ ಹೆಚ್ಚಿಸುತ್ತಾ ಹೋದಂತೆ ಸರಾಸರಿಯೂ ಹರಡುವಿಕೆಯೂ ಅಲ್ಲಾಡದೆ ನಿಲ್ಲುವವರೆಗೆ ಮಾಡಿ. ರ‍್ಯಾಂಡಮ್ ಸೀಡ್ (ಆ ಆಯ್ಕೆಗಳ ಸರಣಿ ಯಾವ ಸಂಖ್ಯೆಯಿಂದ ಶುರುವಾಯಿತೋ ಅದು) ಬರೆದಿಡಿ, ವಿಚಿತ್ರ ರನ್ ಬಂದರೆ ಅದನ್ನೇ ಮತ್ತೆ ಓಡಿಸಿ ನೋಡಬಹುದು.

ಸರಾಸರಿ ಮಾತ್ರ ನೋಡಬೇಡಿ. ಅರ್ಧ ರನ್‌ಗಳಲ್ಲಿ ಒಂದೇ ಬಣ, ಇನ್ನರ್ಧದಲ್ಲಿ ಮೂರು ಬಣ ಬಂದರೆ ಸರಾಸರಿ ಎರಡು. ಎರಡು ಬಣ ಒಂದು ರನ್ನಿನಲ್ಲೂ ಬಂದಿಲ್ಲ! ಹಂಚಿಕೆಯನ್ನೇ ಬಿಡಿಸಿ ತೋರಿಸಿ. ಸರ್ವೆ ಡೇಟಾಕ್ಕೆ ಮಾಡುವಂತೆ ಇಲ್ಲಿ ಪಿ ಬೆಲೆ ಹಾಕುವುದಕ್ಕೂ ಅರ್ಥವಿಲ್ಲ. ಬೇಕಾದಷ್ಟು ರನ್ ಸೇರಿಸಿದರೆ ಎಷ್ಟೇ ಸಣ್ಣ ವ್ಯತ್ಯಾಸವೂ ಮಹತ್ವದ್ದು ಎಂದು ಬಂದುಬಿಡುತ್ತದೆ. ಪರಿಣಾಮ ಎಷ್ಟು ದೊಡ್ಡದು ಅನ್ನುವುದನ್ನು ಹೇಳಿ.

ಏಳನೇ ಹೆಜ್ಜೆ: ನಿಮ್ಮ ಫಲಿತಾಂಶವನ್ನೇ ಅನುಮಾನಿಸಿ

ಇದು ಇಡೀ ಕೆಲಸದ ಜೀವಾಳ. ಒಂದು ಕಥೆ ಹೇಳುತ್ತೇನೆ. ಮಾರ್ಟಿನ್ ನೊವಾಕ್ ಮತ್ತು ರಾಬರ್ಟ್ ಮೇ 1992ರಲ್ಲಿ ಒಂದು ಸುಂದರ ಮಾಡೆಲ್ ಪ್ರಕಟಿಸಿದರು. ಚೌಕಗಳ ನೆಲದಲ್ಲಿ ಪ್ರತಿಯೊಬ್ಬರೂ ಸಹಕಾರ ಮಾಡುತ್ತಾರೆ ಅಥವಾ ಮೋಸ ಮಾಡುತ್ತಾರೆ. ನೆರೆಯವರ ಜೊತೆ ಆಡಿದ ಮೇಲೆ, ಸುತ್ತ ಯಾರಿಗೆ ಹೆಚ್ಚು ಅಂಕ ಬಂದಿದೆಯೋ ಅವರನ್ನು ಅನುಕರಿಸುತ್ತಾರೆ. ಸಹಕಾರಿಗಳು ಗುಂಪುಗೂಡಿ, ಮೋಸಗಾರರ ನಡುವೆಯೂ ಉಳಿದುಕೊಂಡರು. ಅದರಲ್ಲಿ ಎಲ್ಲರೂ ಒಂದೇ ಕ್ಷಣದಲ್ಲಿ ಬದಲಾಗುತ್ತಿದ್ದರು. 1993ರಲ್ಲಿ ಬರ್ನಾರ್ಡೊ ಹ್ಯೂಬರ್‌ಮನ್ ಮತ್ತು ನಟಾಲಿ ಗ್ಲಾನ್ಸ್ ಒಂದೇ ಒಂದು ವಿಷಯ ಬದಲಿಸಿದರು: ಎಲ್ಲರೂ ಒಟ್ಟಿಗೆ ಬದಲಾಗದೆ, ಒಬ್ಬೊಬ್ಬರಾಗಿ ಬದಲಾಗಲಿ. ಅದೇ ಪ್ಯಾರಾಮೀಟರ್‌ಗಳಲ್ಲಿ (ಅಂದರೆ ಮಾಡೆಲ್ಲಿಗೆ ಕೊಟ್ಟ ಅವೇ ಬೆಲೆಗಳಲ್ಲಿ) ಸಹಕಾರ ಪೂರ್ತಿ ಅಳಿಸಿಹೋಯಿತು. ಮರುವರ್ಷ ನೊವಾಕ್ ಮತ್ತು ಜೊತೆಗಾರರು, ಬೇರೆ ಪ್ಯಾರಾಮೀಟರ್‌ಗಳಲ್ಲಿ ಒಬ್ಬೊಬ್ಬರಾಗಿ ಬದಲಾದರೂ ಸಹಕಾರ ಉಳಿಯುತ್ತದೆ ಎಂದು ತೋರಿಸಿದರು. ಈ ಜಗಳದಿಂದ ಗೊತ್ತಾದದ್ದು ಮೊದಲ ಲೇಖನಕ್ಕಿಂತ ಎಷ್ಟೋ ಜಾಸ್ತಿ.

ನಿಮ್ಮ ಮಾಡೆಲ್ಲಿನಲ್ಲಿ ಆ ಜಗಳ ನೀವೇ ತೆಗೆಯಿರಿ. ಸಿದ್ಧಾಂತಕ್ಕೆ ಸಂಬಂಧವೇ ಇಲ್ಲ ಎಂದು ನೀವು ಸುಮ್ನೆ ಆರಿಸಿಕೊಂಡ ಸಂಗತಿಗಳ ಪಟ್ಟಿ ಮಾಡಿ. ನೆರೆ ಅಂದರೆ ನಾಲ್ಕೋ ಎಂಟೋ? ಅಂಚು ಅಂಟಿಕೊಂಡಿದೆಯೋ ಇಲ್ಲವೋ? ಸರದಿ ಹೇಗೆ? ಏಜೆಂಟ್‌ಗಳು ನೂರೋ ಹತ್ತು ಸಾವಿರವೋ? ಒಂದೊಂದನ್ನೇ ಬದಲಿಸಿ ಓಡಿಸಿ. ತೀರ್ಮಾನ ಉಳಿದರೆ ಅದು ಸಮಾಜದ ಬಗ್ಗೆ ಏನೋ ಹೇಳುತ್ತಿದೆ. ಬಿದ್ದರೆ ಅದು ನಿಮ್ಮ ಪ್ರೋಗ್ರಾಮಿನ ಬಗ್ಗೆ ಮಾತ್ರ ಹೇಳುತ್ತಿತ್ತು, ಅಥವಾ ಆ ಸಣ್ಣ ಸಂಗತಿಯೇ ನಿಮ್ಮ ಹೊಸ ಸಂಶೋಧನೆಯ ಪ್ರಶ್ನೆ.

ಎಂಟನೇ ಹೆಜ್ಜೆ: ನಿಜ ಜಗತ್ತಿನ ಡೇಟಾ

ಎಲ್ಲ ಮಾಡೆಲ್ಲಿಗೂ ಡೇಟಾ ಬೇಕಿಲ್ಲ. ಶೆಲ್ಲಿಂಗ್ ಅವರದು ಯಾವ ಊರಿನ ನಕಾಶೆಯೂ ಅಲ್ಲ, ಒಂದು ಸಾಧ್ಯತೆಯನ್ನು ತೋರಿಸುವ ವಾದ. ಆದರೆ ಒಂದು ನಿರ್ದಿಷ್ಟ ಜಾಗ, ಕಾಲವನ್ನು ವಿವರಿಸಲು ಹೊರಟರೆ ಹೋಲಿಸಿ ನೋಡಲೇಬೇಕು.

ಒಳ್ಳೆಯ ಉದಾಹರಣೆ ಅಮೆರಿಕದ ಅರಿಜೋನಾದ ಲಾಂಗ್ ಹೌಸ್ ಕಣಿವೆಯದು. ರಾಬರ್ಟ್ ಆ್ಯಕ್ಸ್‌ಟೆಲ್, ಜೋಶುವಾ ಎಪ್‌ಸ್ಟೈನ್ ಮತ್ತು ಪುರಾತತ್ವ ಸಂಶೋಧಕರು ಸೇರಿ 2002ರಲ್ಲಿ ಪ್ರಕಟಿಸಿದ ಮಾಡೆಲ್ಲಿನಲ್ಲಿ ಏಜೆಂಟ್ ಅಂದರೆ ಮೆಕ್ಕೆಜೋಳ ಬೆಳೆದು ಬದುಕುವ ಒಂದು ಮನೆತನ. ಹಳೆಯ ಹವಾಮಾನ ಮತ್ತು ಮಣ್ಣಿನ ಅಂದಾಜು ಹಾಕಿಕೊಂಡು ಸುಮಾರು ಕ್ರಿ.ಶ. 800ರಿಂದ 1350ರವರೆಗೆ ಓಡಿಸಿದರು. ಉತ್ಖನನದಲ್ಲಿ ಕಂಡ ಜನಸಂಖ್ಯೆಯ ಏರಿಳಿತವನ್ನು ಮಾಡೆಲ್ ಚೆನ್ನಾಗಿಯೇ ಹಿಂಬಾಲಿಸಿತು. ಹೊಂದದೆ ಹೋದದ್ದು ಕೊನೆಯ ಭಾಗ. 1300ರ ಸುಮಾರಿಗೆ ನಿಜವಾದ ಜನ ಕಣಿವೆಯನ್ನು ಪೂರ್ತಿ ಬಿಟ್ಟುಹೋದರು. ಮಾಡೆಲ್ಲಿನಲ್ಲಿ ಮಾತ್ರ ಸ್ವಲ್ಪ ಜನ ಅಲ್ಲೇ ಬದುಕುವಷ್ಟು ಬೆಳೆ ಇತ್ತು. ಹಾಗಾದರೆ ಬರವೊಂದೇ ಕಾರಣವಲ್ಲ, ಸಾಮಾಜಿಕ ಕಾರಣಗಳನ್ನೂ ಹುಡುಕಬೇಕು ಎಂದಾಯಿತು. ಮಾಡೆಲ್ ಹೊಂದದ ಜಾಗವೇ ಮುಂದಿನ ಸಂಶೋಧನೆಗೆ ದಾರಿ ತೋರಿಸಿತು.

ಪ್ಯಾರಾಮೀಟರ್ ಹೊಂದಿಸಲು ಬಳಸಿದ ಡೇಟಾದಿಂದಲೇ ಮಾಡೆಲ್ ಸರಿ ಎಂದು ಸಾಧಿಸಬೇಡಿ. ಒಂದಷ್ಟನ್ನು ಪಕ್ಕಕ್ಕಿಡಿ. ಒಂದೇ ಸಂಖ್ಯೆಗೆ ಹೊಂದಿಸುವ ಬದಲು ಹಲವು ವಿನ್ಯಾಸಗಳಿಗೆ ಒಟ್ಟಿಗೆ ಹೋಲಿಸಿ: ಒಟ್ಟು ಜನಸಂಖ್ಯೆ, ಜನ ನೆಲೆಸಿದ ಜಾಗಗಳು, ಮನೆತನಗಳ ಗಾತ್ರ. ಬೇರೆ ಬೇರೆ ನಿಯಮಗಳು ಒಂದೇ ಗ್ರಾಫ್ ಕೊಡಬಲ್ಲವು. ನಾಲ್ಕು ವಿನ್ಯಾಸಗಳನ್ನು ಒಟ್ಟಿಗೆ ಹೊಂದಿಸುವುದು ತಪ್ಪು ನಿಯಮಕ್ಕೆ ಕಷ್ಟ.

ಬರೆದು ಹಂಚಿಕೊಳ್ಳುವುದು

ಮಾಡೆಲ್ ವಿವರಿಸಲು ಒಡಿಡಿ ಎಂಬ ಪದ್ಧತಿ ಇದೆ. ಫೋಲ್ಕರ್ ಗ್ರಿಮ್ ಮತ್ತು ಜೊತೆಗಾರರು 2006ರಲ್ಲಿ ರೂಪಿಸಿದ್ದು, 2010 ಮತ್ತು 2020ರಲ್ಲಿ ಪರಿಷ್ಕರಿಸಿದ್ದು. ಮೊದಲು ಒಟ್ಟಾರೆ ನೋಟ, ಆಮೇಲೆ ವಿನ್ಯಾಸದ ವಿಚಾರಗಳು, ಕೊನೆಗೆ ವಿವರಗಳು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಉತ್ತರಗಳೆಲ್ಲ ಇಲ್ಲಿಗೆ ಬರುತ್ತವೆ. ಬರೆದ ಮೇಲೆ ನಿಮ್ಮ ಕೋಡ್ ನೋಡದ ಒಬ್ಬರಿಗೆ ಆ ಬರಹ ಮಾತ್ರ ಕೊಟ್ಟು, ಮಾಡೆಲ್ಲನ್ನು ಮತ್ತೆ ಕಟ್ಟಲು ಹೇಳಿ. ಅವರು ನಿಮ್ಮನ್ನು ಕೇಳುವ ಪ್ರತಿ ಪ್ರಶ್ನೆಯೂ ಬರಹದಲ್ಲಿ ಬಿಟ್ಟುಹೋದ ಒಂದು ಸಾಲು.

ಕೋಡನ್ನು ಕಾಮ್ಸೆಸ್ ಎಂಬ ಜಾಲದ ಮಾಡೆಲ್ ಸಂಗ್ರಹದಲ್ಲಿ ಇಡಬಹುದು. ಈ ಕ್ಷೇತ್ರದ ಮುಖ್ಯ ಪತ್ರಿಕೆ ಜಾಸ್ (JASSS, ಜರ್ನಲ್ ಆಫ್ ಆರ್ಟಿಫಿಶಿಯಲ್ ಸೊಸೈಟೀಸ್ ಅಂಡ್ ಸೋಷಿಯಲ್ ಸಿಮ್ಯುಲೇಷನ್). 1998ರಿಂದ ಆನ್‌ಲೈನಿನಲ್ಲಿ ಬರುತ್ತಿದೆ, ಓದಲು ಹಣ ಕೊಡಬೇಕಿಲ್ಲ. ನಿಮ್ಮ ವಿಷಯಕ್ಕೆ ಹತ್ತಿರದ ಒಂದು ಲೇಖನ ಅಲ್ಲಿ ಆರಿಸಿಕೊಳ್ಳಿ. ಕೋಡ್ ತೆರೆಯದೆ, ಲೇಖನ ಓದಿಯೇ ಅದರ ಮಾಡೆಲ್ಲನ್ನು ನೆಟ್‌ಲೋಗೋದಲ್ಲಿ ಕಟ್ಟಿ. ಅವರ ಮೊದಲ ಗ್ರಾಫ್ ನಿಮಗೂ ಬಂದ ಮೇಲೆ, ಅವರು ಬದಲಿಸದೆ ಬಿಟ್ಟ ಒಂದು ನಿಯಮ ಹುಡುಕಿ ಅದನ್ನು ಬದಲಿಸಿ ಓಡಿಸಿ.